ಮೊಮ್ಮಗಳ ಅಂಕಪಟ್ಟಿ

ನನ್ನ ಮೊಮ್ಮಗಳ ಬಾಯಿ ಮುಂದು, ಕೈ ಹಿಂದು. ಮನೆಯಲ್ಲೇ ಕಣ್ಣೆದುರಿಗಿದ್ದ ಈ ಮಾತು ತಿಳಿಯಲು ನಾನು ಕೊಪ್ಪಳದಿಂದ ಧಾರವಾಡದ ತನಕ ಹೋಗಬೇಕಾಯಿತು.

ಅವಳಿಗೆ ಆಗ ನಾಲ್ಕೂವರೆ ವರ್ಷ. ಗಂಗಾವತಿಯಿಂದ ಬೀಗರು ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ, ‘ಭತ್ತ ನಾಟಿ ಮುಗೀತೇನ್ರಿ?’ ಎಂದು ಕೇಳುವಳು. ಕುಷ್ಟಗಿಯ ನನ್ನ ತಂಗಿ ಫೋನಿನಲ್ಲಿ ಹೇಳಿದ ಕಥೆಯನ್ನು ಮರುದಿನ ಚಾಚೂ ತಪ್ಪದೆ ಒಪ್ಪಿಸುವಳು. ‘ಇದು ಎಲ್‌.ಕೆ.ಜಿ.ಯೊಳಗ ಕೂಡೋ ಕೂಸಲ್ಲ, ನೇರ ಯು.ಕೆ.ಜಿ.ಗೆ ಹಾಕೋಣು’ ಎಂದವಳು ನಾನೇ. ಶಾಲೆಯವರಿಗೆ ತೋರಿಸಲು ಒಂದು ಕಾಗದವಿರಲಿ ಎಂದು, ಬುದ್ಧಿಮಾಪನ ಪರೀಕ್ಷೆಗೆ ಅವಳನ್ನೂ ಮಗಳನ್ನೂ ಕರೆದುಕೊಂಡು ರೈಲು ಹತ್ತಿದೆ.

ಪರೀಕ್ಷೆಯ ಕಾಗದ ಕೈಗೆ ಬಂತು. ಬುದ್ಧಿಸೂಚ್ಯಂಕ 111. ನಾನು ಹಿಗ್ಗಿದೆ. ಕೆಳಗಿನ ವಿವರ ಓದುತ್ತಿದ್ದ ಮಗಳ ಮುಖ ಮಾತ್ರ ಸಪ್ಪಗಾಯಿತು. ಮಾತಿನ ಪ್ರಶ್ನೆಗಳಲ್ಲಿ ಆರು ವರ್ಷದವರ ಉತ್ತರ. ನಾಲ್ಕು ವರ್ಷದವರು ನೋಡಿ ಬರೆಯಬೇಕಾದ ಚೌಕ ಮಾತ್ರ ಬಂದಿಲ್ಲ. ‘ಅವ್ವಾ, ನನ್ನ ಮಗಳಿಗೆ ಏನರ ಕೊರತಿ ಐತೇನು?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಪರೀಕ್ಷೆ ಮಾಡಿದಾಕೆ ಸಮಾಧಾನದಿಂದ ತಿಳಿಸಿ ಹೇಳಿದರು. ಮಗು ಎಲ್ಲವನ್ನೂ ಉತ್ತರಿಸಿದ ವಯಸ್ಸನ್ನು ತಳಹದಿಯಾಗಿ ಹಿಡಿದು, ಅದರ ಮೇಲೆ ದಾಟಿದ ಒಂದೊಂದು ಪ್ರಶ್ನೆಗೂ ಇಷ್ಟಿಷ್ಟು ತಿಂಗಳು ಕೂಡಿಸುತ್ತಾರೆ. ನಮ್ಮ ಮಗುವಿಗೆ ಬಂದ ಮಾನಸಿಕ ವಯಸ್ಸು 60 ತಿಂಗಳು, ಹುಟ್ಟಿದ ಲೆಕ್ಕದ ವಯಸ್ಸು 54. ಭಾಗಿಸಿ ನೂರರಿಂದ ಗುಣಿಸಿದರೆ 111. ‘ಎತ್ತರವೂ ತಗ್ಗೂ ಕೂಡಿ ನಡುವೆ ನಿಂತ ಅಂಕಿ ಇದು, ಟೀಚರ್‌. ಇದನ್ನ ಮಾರ್ಕ್ಸ್ ಅಂತ ತಿಳೀಬ್ಯಾಡ್ರಿ’ ಎಂದರು. ಸಣ್ಣ ಮಕ್ಕಳು ಹಸಿವು, ನಿದ್ದೆ, ಹೊಸ ಮುಖ ಇಷ್ಟಕ್ಕೇ ಉತ್ತರ ಬಿಡುವುದುಂಟು. ಕಣ್ಣು ತೋರಿಸಿ, ಆರು ತಿಂಗಳು ಕೈಗೆ ಕೆಲಸ ಕೊಟ್ಟು ನೋಡಿ, ಆಮೇಲೂ ಹಾಗೇ ಇದ್ದರೆ ಬನ್ನಿ ಎಂದರು.

ಬಿ.ಎಡ್‌. ಓದುವಾಗ ಇದನ್ನೆಲ್ಲ ನಾನೂ ಬಾಯಿಪಾಠ ಮಾಡಿದ್ದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಈ ಬಗೆಯ ಪರೀಕ್ಷೆ ಹೊಸೆದದ್ದು ಜಾಣರನ್ನು ಮೆರೆಸಲಿಕ್ಕಲ್ಲ, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಭಾಗಾಕಾರದ ಸೂಚ್ಯಂಕ ಬಂದದ್ದು ಆಮೇಲೆ, 1912ರಲ್ಲಿ, ಜರ್ಮನಿಯ ವಿಲಿಯಂ ಸ್ಟರ್ನ್ ಅವರಿಂದ. ಅದೇ ಪರೀಕ್ಷೆಯನ್ನು ಡಾ. ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ, 1940ರಲ್ಲಿ ಪುಸ್ತಕವಾಗಿ ತಂದರು. ಬಿನೆ–ಕಾಮತ್ ಪರೀಕ್ಷೆ ಎಂದು ಇಂದಿಗೂ ಕರೆಯುವುದು ಇದನ್ನೇ. ಇಷ್ಟು ಗೊತ್ತಿದ್ದ ನಾನು ನೆರವು ಹುಡುಕುವ ಸಾಧನವನ್ನು ಬಡಾಯಿಯ ಕಾಗದಕ್ಕೆ ಬಳಸಲು ಹೊರಟಿದ್ದೆನಲ್ಲ!

ರೈಲು ಗದಗ ದಾಟಿದಾಗ ಮಗುವಿಗೆ ಹಸಿವಾಯಿತು. ಬುತ್ತಿ ಬಿಚ್ಚಿ ಎಂದಿನಂತೆ ತುತ್ತು ಮಾಡಿ ಬಾಯಿಗಿಟ್ಟೆ. ಎರಡನೆಯ ತುತ್ತಿಗೆ ನನ್ನ ಕೈ ತಡೆಯಿತು. ಉಣ್ಣಿಸುವವಳು ನಾನು, ಗುಂಡಿ ಹಾಕುವವಳು ನಾನು, ಬಣ್ಣ ಗೆರೆ ದಾಟೀತೆಂದು ಕೈ ಹಿಡಿದು ತೀಡಿಸುವವಳೂ ನಾನು. ಅವಳ ಬಾಯಿಗೆ ಕೊಟ್ಟಷ್ಟು ಕೆಲಸ ಕೈಗೆ ಕೊಟ್ಟಿರಲಿಲ್ಲ. ಅದೊಂದೇ ಕಾರಣವೆಂದು ಹೇಳಲಾರೆ. ನನ್ನ ಪಾಲಂತೂ ಇತ್ತು.

ಊರಿಗೆ ಬಂದು ಕಣ್ಣು ತೋರಿಸಿದೆವು, ದೋಷವಿರಲಿಲ್ಲ. ಯು.ಕೆ.ಜಿ.ಯ ಮಾತು ಬಿಟ್ಟೆವು. ಈಗ ಅವಳ ಪಾಲಿಗೆ ಜೋಳದ ಹಿಟ್ಟಿನ ಒಂದು ಉಂಡೆ, ಬಿಡಿಸಲು ಶೇಂಗಾ, ಪೋಣಿಸಲು ಮಣಿ. ರೊಟ್ಟಿ ಹರಿಯುತ್ತದೆ, ಅಂಗಳವೆಲ್ಲ ಸಿಪ್ಪೆ. ‘ಅಜ್ಜಿ, ನೀನ ಮಾಡಿಕೊಡು’ ಎಂದು ಅಳುತ್ತಾಳೆ. ಕೊಡದೆ ಸುಮ್ಮನೆ ಪಕ್ಕದಲ್ಲಿ ಕೂಡುವುದು ನನಗೂ ಹೊಸ ಪಾಠ.

ಮೊನ್ನೆ ಶಾಲೆಯ ಪ್ರಗತಿಪತ್ರಗಳಲ್ಲಿ ಒಟ್ಟು ಅಂಕ ಕೂಡಿಸುತ್ತಿದ್ದೆ. ಒಬ್ಬ ಹುಡುಗನಿಗೆ ಗಣಿತದಲ್ಲಿ ತೊಂಬತ್ತು, ಕನ್ನಡದಲ್ಲಿ ಮೂವತ್ತು. ಇಷ್ಟು ವರ್ಷ ‘ಸಾಧಾರಣ’ ಎಂದು ಬರೆದು ಮುಂದಿನ ಹಾಳೆ ತಿರುವುತ್ತಿದ್ದೆ. ಅವತ್ತು ಪೆನ್ನು ಕೆಳಗಿಟ್ಟು, ಅವನನ್ನು ಕರೆದು ಪುಸ್ತಕ ಕೊಟ್ಟು ಓದಿಸಿದೆ.