ದೋಣಿಮನೆಯಲ್ಲಿ ಮಕ್ಕಳೊಂದಿಗೆ ಒಂದು ರಾತ್ರಿ

ಜಯನಗರ, ಜೆ.ಪಿ. ನಗರ, ಬನಶಂಕರಿ ಅಥವಾ ಬಿಟಿಎಂ ಬಡಾವಣೆಯ ಸಂಸಾರವೊಂದು ಮಕ್ಕಳನ್ನು ಕಟ್ಟಿಕೊಂಡು ದೋಣಿಯ ಮೇಲೆ ರಾತ್ರಿ ಕಳೆಯಬೇಕೆಂದರೆ ಮೊದಲು 400 ರಿಂದ 600 ಕಿಲೋಮೀಟರ್ ಪ್ರಯಾಣ ಮಾಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತ ಬೆಂಗಳೂರಿಗೆ ದೋಣಿ ಓಡುವಂಥ ಹೊಳೆಯಿಲ್ಲ. ಕಾವೇರಿ ಕೂಡ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಕೊಳವೆಯಲ್ಲಿ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಪಂಪಾಗಿ ಬರುತ್ತಾಳೆ. ಇಲ್ಲಿನ ಮಗುವಿಗೆ ನೀರೆಂದರೆ ಸಂಪು, ಓವರ್‌ಹೆಡ್ ಟ್ಯಾಂಕು, ಬೇಸಿಗೆಯಲ್ಲಿ ಬೆಳಗಿನ ಜಾವ ಹಾರ್ನ್ ಹೊಡೆಯುವ ಟ್ಯಾಂಕರು. ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿ ಕೆರೆಗಳಿರುವುದು ಸುತ್ತ ನಡೆದು ಬರುವುದಕ್ಕೆ. ಹೆಜ್ಜಾರ್ಲೆಗಳು ಇಳಿಯುವ ಮಡಿವಾಳ ಕೆರೆಯಲ್ಲಿ ಪೆಡಲ್ ದೋಣಿ ಓಡಿದ್ದುಂಟು. ಅಪ್ಪನ ಮಂಡಿ ನೋಯತೊಡಗುವ ಹೊತ್ತಿಗೆ ಸರಿಯಾಗಿ ಟಿಕೆಟಿನ ಅವಧಿ ಮುಗಿಯುತ್ತಿತ್ತು.

ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ ದೋಣಿಗಾಗಿ ದಕ್ಷಿಣ ಬೆಂಗಳೂರಿನವರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು. ಒಂದು ಶಿರಾಡಿ ಘಾಟಿಯಿಳಿದು ಉಡುಪಿ ಜಿಲ್ಲೆಗೆ. ಸುವರ್ಣಾ, ಸೀತಾ ಹೊಳೆಗಳು ಕೋಡಿಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಅಲ್ಲಿ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಸಮುದ್ರ, ನಡುವೆ ಕಿರಿದಾದ ನೆಲದ ಪಟ್ಟಿ. ಆ ಹಿನ್ನೀರಿನಲ್ಲಿ ಕೆಲವೇ ಹೌಸ್‌ಬೋಟ್‌ಗಳು ತಿರುಗುತ್ತವೆ. ಇನ್ನೊಂದು ದಾರಿ ಕೇರಳಕ್ಕೆ: ಎರ್ನಾಕುಳಂವರೆಗೆ ರೈಲು, ಅಲ್ಲಿಂದ ಅಲಪ್ಪುಳ. ವೆಂಬನಾಡು ಸರೋವರದಲ್ಲಿ ಇಂಥ ನೂರಾರು ದೋಣಿಗಳಿವೆ. ದಕ್ಕೆಯ ಬಳಿ ದಲ್ಲಾಳಿಗಳೂ ಅಷ್ಟೇ ಇದ್ದಾರೆ. ಆಯ್ಕೆ, ಅನುಕೂಲ ಅಲಪ್ಪುಳದಲ್ಲಿ ಹೆಚ್ಚು. ನಿಶ್ಶಬ್ದ, ಕಾಂಡ್ಲಾ ಗಿಡಗಳ ನೆರಳು, ಮಕ್ಕಳು ಅಂಬಿಗನೊಡನೆ ಕನ್ನಡದಲ್ಲೇ ಹರಟಬಹುದಾದ ಸುಖ ಉಡುಪಿಯಲ್ಲಿ. ಮೊದಲ ಸಲಕ್ಕೆ ಉಡುಪಿಯೇ ಮೇಲು.

ಕೇರಳದ ದೋಣಿಮನೆಯ ಮೂಲ ಕೆಟ್ಟುವಳ್ಳಂ, ಕುಟ್ಟನಾಡಿನ ಭತ್ತವನ್ನು ಕೊಚ್ಚಿಗೆ ಸಾಗಿಸುತ್ತಿದ್ದ ಸರಕಿನ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಒಂದೂ ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಕಪ್ಪು ಎಣ್ಣೆ ಬಳಿದು ಅದನ್ನು ಕಟ್ಟುತ್ತಿದ್ದರು. ರಸ್ತೆ, ಸೇತುವೆ, ಲಾರಿಗಳು ಬಂದ ಮೇಲೆ ಅದಕ್ಕೆ ಕೆಲಸ ತಪ್ಪಿತು. 1990ರ ದಶಕದಲ್ಲಿ ಅದರ ಮೇಲೆ ಬಿದಿರು, ಚಾಪೆಗಳ ಛಾವಣಿ ಏರಿಸಿ ಪ್ರವಾಸಿಗಳನ್ನು ಕೂರಿಸಿದರು. ಅಕ್ಕಿಮೂಟೆ ಇದ್ದ ಜಾಗದಲ್ಲಿ ಈಗ ಎ.ಸಿ. ಕೋಣೆ ಇದೆ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಬೇರೆ ಬಗೆಯ ಅವಕಾಶವಿದೆ. ಅಲ್ಲಿನ ಹಳೆಯ ಕಾಲುವೆಗಳಲ್ಲಿ 7 ಅಡಿಗೂ ಕಡಿಮೆ ಅಗಲದ ನ್ಯಾರೋಬೋಟ್‌ಗಳನ್ನು ಬಾಡಿಗೆಗೆ ಪಡೆದು ಮನೆಯವರೇ ನಡೆಸುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ. ನಮ್ಮ ಕಡೆ ಚುಕ್ಕಾಣಿ ಹಿಡಿಯುವವನು, ಅಡುಗೆಯವನು ದೋಣಿಯ ಜೊತೆಗೇ ಬರುತ್ತಾರೆ. ಮಕ್ಕಳಿರುವಾಗ ಇದು ಲಾಭವೇ. ತಾಯಿತಂದೆಯರ ನಾಲ್ಕು ಕಣ್ಣುಗಳ ಜೊತೆಗೆ ಇನ್ನೂ ನಾಲ್ಕು ಸೇರುತ್ತವೆ, ಅವಕ್ಕೆ ಈ ನೀರಿನ ಪರಿಚಯವೂ ಇರುತ್ತದೆ.

ದೋಣಿ ಆರಿಸುವಾಗ ಜನ ಎಡವುವುದು ಗಾತ್ರದಲ್ಲಿ. ಎರಡು ಮೂರು ಸಂಸಾರ ಸೇರಿದರೆ ಖರ್ಚು ಹಂಚಿಹೋಗುತ್ತದೆಂದು ಐದಾರು ಕೋಣೆಗಳ, ಎರಡು ಅಂತಸ್ತಿನ ದೋಣಿ ಹಿಡಿಯುತ್ತಾರೆ. ಆಮೇಲೆ ಮೇಲಿನಂತಸ್ತಿನಲ್ಲಿ ಮಕ್ಕಳು, ಕೆಳಗೆ ಇಸ್ಪೀಟು. ಯಾರ ಮಗು ಯಾರ ಕಣ್ಣಳತೆಯಲ್ಲಿದೆಯೆಂದು ಹೇಳುವವರಿಲ್ಲ. ಒಂದು ಅಥವಾ ಎರಡು ಕೋಣೆಯ ಸಣ್ಣ ದೋಣಿಯಲ್ಲಿ ಕೂತಲ್ಲಿಂದಲೇ ದೋಣಿಯ ಉದ್ದಗಲ ಕಾಣುತ್ತದೆ. ದೊಡ್ಡವು ನುಗ್ಗಲಾಗದ ಕಿರುಗಾಲುವೆಗಳಿಗೂ ಅದು ಸಲೀಸಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಚಾಲಕನ ಪಕ್ಕ ಹೋಗಿ ಕೂರಬಹುದು. ತೆರೆದ ನೀರು ಬಂದಾಗ ಆತ ಚಕ್ರದ ಮೇಲೆ ಮಗುವಿನ ಕೈ ಇಡಿಸಿದರೆ, ಶಾಲೆ ಶುರುವಾದ ಮೇಲೆ ಹೇಳಿಕೊಳ್ಳಲು ಅಷ್ಟೇ ಸಾಕು.

ಹತ್ತುವ ಮೊದಲು ನೋಡಬೇಕಾದ್ದನ್ನು ನಾಚಿಕೆ ಬಿಟ್ಟು ನೋಡಬೇಕು. 2021ರ ಒಳನಾಡು ಹಡಗು ಕಾಯಿದೆಯ ಪ್ರಕಾರ ಇಂಥ ದೋಣಿಗೆ ನೋಂದಣಿ ಮತ್ತು ಸಮೀಕ್ಷಾ ಪ್ರಮಾಣಪತ್ರ ಇರಬೇಕು. ಎಷ್ಟು ಜನ ಹತ್ತಬಹುದೆಂಬುದನ್ನು ಅದರಲ್ಲೇ ನೋಡಬಹುದು, ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿಯಲ್ಲಿ 16 ಜನ, 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ತೀರಿಕೊಂಡರು. ತಾನೂರಿನಲ್ಲಿ ಸತ್ತವರಲ್ಲಿ ಮಕ್ಕಳೇ ಬಹಳ. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ್ದು, ಸೂರ್ಯ ಮುಳುಗಿದ ಮೇಲೆ ಓಡಿತ್ತು. ಮೂರೂ ಕಡೆ ಕೇಳಿಬಂದ ದೂರು ಒಂದೇ: ಮಿತಿಮೀರಿ ಜನ.

ಲೈಫ್ ಜಾಕೆಟ್ಟಿನ ವಿಚಾರದಲ್ಲಿ ‘ಇದೆ’ ಎಂಬ ಉತ್ತರ ಸಾಲದು. ದೊಡ್ಡವರ ಜಾಕೆಟ್ ತೊಟ್ಟ ಐದು ವರ್ಷದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಮಗುವಿನ ತೂಕಕ್ಕೆ ತಕ್ಕ ಅಳತೆಯದು ಬೇಕು. ತೊಡೆಯ ನಡುವೆ ಹಾಯುವ ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು. ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಮೇಲಕ್ಕೆಳೆಯಬೇಕು. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಆ ಮಗುವಿನದಲ್ಲ. ಹೊರಡುವ ಮೊದಲೇ ಫೋನಿನಲ್ಲಿ ಮಕ್ಕಳ ವಯಸ್ಸು, ತೂಕ ಹೇಳಿಡುವುದು, ಸಿಗದಿದ್ದರೆ ಬೆಂಗಳೂರಿನಲ್ಲೇ ಕೊಂಡು ಒಯ್ಯುವುದು ಲೇಸು. ಈಜು ಕಲಿತ ಮಕ್ಕಳಿಗೂ ವಿನಾಯಿತಿ ಬೇಡ. ಈಜುಕೊಳದ ತಳ ಕಾಣುತ್ತದೆ, ಹಿನ್ನೀರಿನದು ಕಾಣುವುದಿಲ್ಲ.

ಕೇರಳದಲ್ಲಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ದೋಣಿ ಹೊರಡುತ್ತದೆ. ಊಟಕ್ಕೆ ಕರಿಮೀನಿನ ಫ್ರೈ ಪ್ರಸಿದ್ಧ. ಸಸ್ಯಾಹಾರಿಗಳು ಹಿಂದಿನ ದಿನವೇ ತಿಳಿಸಿದರೆ ಅವಿಯಲ್, ತೋರನ್, ಸಾಂಬಾರ್ ಸಿದ್ಧವಿರುತ್ತವೆ. ದಪ್ಪ ಕೆಂಪಕ್ಕಿಯ ಅನ್ನ ಕಂಡು ಮುಖ ಸಿಂಡರಿಸುವುದು ಮಕ್ಕಳಿಗಿಂತ ಅಜ್ಜಿಯರೇ. ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆಯ ಡಬ್ಬಿಗಳಿಲ್ಲದೆ ಜಯನಗರದ ಯಾವ ಕುಟುಂಬವೂ ಹೊಸಿಲು ದಾಟುವುದಿಲ್ಲವಾದ್ದರಿಂದ ಉಪವಾಸದ ಭಯವಿಲ್ಲ.

ಮೊದಲ ಒಂದು ಗಂಟೆ ಮಕ್ಕಳಿಗೆ ಉತ್ಸಾಹ, ಎರಡನೆಯ ಗಂಟೆಗೆ ಬೇಸರ. ‘ವೈಫೈ ಇದೆಯಾ?’ ಎಂಬ ಪ್ರಶ್ನೆ ಬರುವುದು ಆಗಲೇ. ತೋರಿಸುವವರಿದ್ದರೆ ನೋಡಲು ಬೇಕಾದಷ್ಟಿದೆ. ಕಂಬದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ಮಿಂಚುಳ್ಳಿ, ಕೆಂಗಂದು ಬಣ್ಣದ ಗರುಡ ಇವೆಲ್ಲ ದುರ್ಬೀನಿಲ್ಲದೆಯೂ ಕಾಣುತ್ತವೆ. ಅದಕ್ಕೂ ಹೆಚ್ಚಿನ ಬೆರಗು ಕುಟ್ಟನಾಡಿನ ಗದ್ದೆಗಳದು. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲವನ್ನು ಏರಿ ಕಟ್ಟಿ, ನೀರು ಹೊರಕ್ಕೆ ಪಂಪು ಮಾಡಿ ಭತ್ತ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಇದನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ದೋಣಿಯಲ್ಲಿ ಕುಳಿತ ಮಗು ಏರಿಯಾಚೆಗೆ ನೋಡಿದರೆ ಗದ್ದೆ, ರೈತ, ಎಮ್ಮೆ ಎಲ್ಲವೂ ತನಗಿಂತ ಕೆಳಗಿರುತ್ತವೆ. ನೀರು ಮೇಲೆ, ನೆಲ ಕೆಳಗೆ ಎಂಬುದನ್ನು ಭೂಗೋಳದ ಯಾವ ಪಾಠವೂ ಇಷ್ಟು ಬೇಗ ತಿಳಿಸಲಾರದು.

ಬಿಟಿಎಂ ಬಡಾವಣೆಯ ಮಕ್ಕಳಿಗೆ ಒಂದು ಗುರುತೂ ಸಿಗುತ್ತದೆ. ಬೆಂಗಳೂರಿನ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ಅಂತರಗಂಗೆ ಇಲ್ಲೂ ತೆಪ್ಪ ಕಟ್ಟಿ ತೇಲುತ್ತದೆ. ಅದಕ್ಕೆ ಉಪ್ಪುನೀರು ಆಗದು. ಆದರೆ ಭತ್ತ ಉಳಿಸಲೆಂದು ತಣ್ಣೀರ್ಮುಕ್ಕಂ ಒಡ್ಡಿನ ಬಾಗಿಲುಗಳನ್ನು ಡಿಸೆಂಬರಿನಲ್ಲಿ ಇಳಿಸಿ ಸಮುದ್ರದ ನೀರನ್ನು ತಡೆಯುತ್ತಾರೆ. ಕಳೆಗೂ ಅದೇ ಸುಗ್ಗಿ. ದೋಣಿಗಳ ಡೀಸೆಲ್, ಕೊಳಚೆಗಳೂ ಅದೇ ನೀರಿಗೆ ಸೇರುವುದುಂಟು. ಕೈ ಅದ್ದಿದ ಮಕ್ಕಳು ತಿಂಡಿಗೆ ಮೊದಲು ಸೋಪು ಹಚ್ಚಿ ತೊಳೆಯಲಿ.

ಸಂಜೆ ಐದೂವರೆಯ ಸುಮಾರಿಗೆ ಕೇರಳದ ದೋಣಿಗಳು ದಡಕ್ಕೆ ಕಟ್ಟಿಕೊಳ್ಳುತ್ತವೆ. ರಾತ್ರಿಯ ನೀರು ಬಲೆ ಬೀಸುವ ಮೀನುಗಾರರದು. ಬೆಳದಿಂಗಳಲ್ಲಿ ವಿಹಾರವೆಂದು ಕನಸು ಕಂಡು ಬಂದವರು ಇಲ್ಲಿ ಮುನಿಸಿಕೊಳ್ಳುತ್ತಾರೆ. ಮಕ್ಕಳಿಗಾದರೋ ಇದೇ ಒಳ್ಳೆಯ ಹೊತ್ತು. ದಡದ ಏರಿಯ ಮೇಲೆ ಓಡಬಹುದು, ಊರಿನ ಹುಡುಗರ ಕ್ರಿಕೆಟ್ ನೋಡಬಹುದು. ಕತ್ತಲಾದ ಮೇಲೆ ಒಂದೇ ನಿಯಮ: ಕೋಣೆಯ ಚಿಲಕ ಮಗುವಿಗೆ ಎಟುಕದಷ್ಟು ಮೇಲಿರಬೇಕು. ಇರದಿದ್ದರೆ ದೊಡ್ಡವರೊಬ್ಬರು ಬಾಗಿಲಿಗೆ ಅಡ್ಡ ಮಲಗಬೇಕು. ಹಲವು ದೋಣಿಗಳಲ್ಲಿ ಎ.ಸಿ. ನಡೆಯುವುದು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮಾತ್ರ, ಸೊಳ್ಳೆಗಳಿಗೆ ಅಂಥ ವೇಳಾಪಟ್ಟಿಯಿಲ್ಲ.

ಕಾಲ ಡಿಸೆಂಬರಿನಿಂದ ಫೆಬ್ರವರಿ. ದಸರಾ ರಜೆಯಲ್ಲಿ ಕೇರಳಕ್ಕೆ ಹೋದರೆ ಮಧ್ಯಾಹ್ನದ ಗುಡುಗುಮಳೆ ಖಾತ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ. ಮಳೆಗಾಲದಲ್ಲಿ ಅಳಿವೆಯ ಆಸುಪಾಸು ಮಕ್ಕಳನ್ನು ದೋಣಿ ಹತ್ತಿಸುವುದು ಸಲ್ಲದು.

ಮೂರು ವರ್ಷದೊಳಗಿನ ಮಗುವಿದ್ದರೆ ರಾತ್ರಿಯ ಸಾಹಸವೇ ಬೇಡ. ಕೇರಳ ಜಲಸಾರಿಗೆ ಇಲಾಖೆಯ ದೋಣಿ ಅಲಪ್ಪುಳದಿಂದ ಕೋಟ್ಟಯಂಗೆ ಎರಡೂವರೆ ಗಂಟೆಯಲ್ಲಿ, ಮಾಲ್‌ನ ಪಾಪ್‌ಕಾರ್ನಿಗಿಂತ ಕಡಿಮೆ ದುಡ್ಡಿಗೆ, ಅದೇ ನೀರನ್ನೂ ಅದೇ ಗದ್ದೆಗಳನ್ನೂ ತೋರಿಸುತ್ತದೆ. ಅದೇ ಇಲಾಖೆ 2017ರಿಂದ ವೈಕ್ಕಂ ಬಳಿ ಓಡಿಸುತ್ತಿರುವ ‘ಆದಿತ್ಯ’ ದೇಶದ ಮೊದಲ ಸೌರಶಕ್ತಿ ಫೆರಿ. ಅದರಲ್ಲಿ ಎಂಜಿನ್ನಿನ ಗದ್ದಲವೂ ಇಲ್ಲ, ಡೀಸೆಲ್ ವಾಸನೆಯೂ ಇಲ್ಲ. ದೊಡ್ಡ ಮಕ್ಕಳಿದ್ದರೆ ಸಣ್ಣ ದೋಣಿ, ಒಂದೇ ರಾತ್ರಿ. ಎರಡನೆಯ ರಾತ್ರಿಯ ಬಾಡಿಗೆಗೆ ಇಡೀ ಸಂಸಾರ ದಡದ ಹೋಮ್‌ಸ್ಟೇಯಲ್ಲಿ ಉಳಿಯಬಹುದು, ಮಕ್ಕಳಿಗೆ ಅಲ್ಲಿ ಓಡಾಡಲು ಜಾಗವೂ ಹೆಚ್ಚು.