ಒಂದೇ ಜ್ವರ, ಎರಡು ಮೈ

2006ರ ಬೇಸಿಗೆ ನೆನೆದರೆ ಇಂದಿಗೂ ನನ್ನ ಮಣಿಕಟ್ಟು ಹಿಡಿದಂತಾಗುತ್ತದೆ. ಕರ್ನಾಟಕದಲ್ಲಿ ಆ ವರ್ಷ 7 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕುನ್‌ಗುನ್ಯಾ ಬಂದ ಶಂಕೆಯಿತ್ತು. ಹಾರೂಗೇರಿಯ ನಮ್ಮ ಮನೆಯನ್ನೂ ಅದು ಬಿಡಲಿಲ್ಲ. ಮೊದಲು ಮಲಗಿದವರು ನಮ್ಮ ಮನೆಯವರು, ಆಮೇಲೆ ಅತ್ತೆ, ಕೊನೆಗೆ ನಾನು.

ಮನೆಯವರಿಗೆ ಗಂಜಿ, ಬಿಸಿನೀರು, ಕಾಲೊತ್ತುವ ಕೈ ಎಲ್ಲವೂ ಹಾಸಿಗೆಗೇ ಬಂದವು. ಆ ಕೈ ನನ್ನದೇ ಎಂಬುದು ಬೇರೆ ಮಾತು! ಹದಿನೈದು ದಿನಕ್ಕೆ ಅವರು ಎದ್ದು ಕಬ್ಬಿನ ಹೊಲಕ್ಕೆ ಹೋದರು. ನನಗೆ ಜ್ವರ ಇಳಿಯಿತು, ನೋವು ಇಳಿಯಲಿಲ್ಲ. ಬೆಳಿಗ್ಗೆ ಬೆರಳು ಮಡಚುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು.

"ಅಂವಾ ಎದ್ದು ಹೊಲಕ್ಕ ಹ್ವಾದ. ನಿನಗಷ್ಟ ಏನ್ ಬ್ಯಾನಿ ಐತಿ?" ಎಂದರು ಅತ್ತೆ. ವೈದ್ಯರೊಬ್ಬರು, "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಗುಳಿಗೆ ಕೊಟ್ಟು ಕಳಿಸಿದರು. ನಾನೇ ಸೋಗು ಹಾಕುತ್ತಿದ್ದೇನೆಯೇ ಎಂದು ನನಗೇ ಅನುಮಾನ ಬಂತು.

2020ರಲ್ಲಿ ಕೊರೋನಾ ಬಂದಾಗ ಸತ್ತವರಲ್ಲಿ ಗಂಡಸರೇ ಹೆಚ್ಚು. ಯಾಕೆಂದು ಜೀವಶಾಸ್ತ್ರ ಓದಿದ ಮಗಳನ್ನು ಕೇಳಿದೆ. ಬೀಡಿ, ಸಿಗರೇಟು, ಬೇರೆ ರೋಗಗಳು ಸೇರಿರುತ್ತವೆ. ಆದರೆ ಮೈಯೊಳಗಿನ ಕಾರಣವೂ ಇದೆ ಎಂದಳು. ಹೆಣ್ಣಿಗೆ ಎಕ್ಸ್ ವರ್ಣತಂತು ಎರಡು, ಗಂಡಿಗೆ ಒಂದು. ವೈರಸ್ಸನ್ನು ಗುರುತಿಸುವ ಟಿಎಲ್‌ಆರ್‌-7 ಎಂಬ ಕಾವಲುಗಾರನ ಜೀನು ಇರುವುದು ಅದರಲ್ಲೇ. ನಮ್ಮ ಕೋಶಗಳಲ್ಲಿ ಒಂದು ಎಕ್ಸ್ ಮಲಗಿರುತ್ತದೆ. ಆದರೆ ಕೆಲವು ಕೋಶಗಳಲ್ಲಿ ಈ ಜೀನು ಮಾತ್ರ ಎಚ್ಚರವಾಗಿಯೇ ಇರುತ್ತದಂತೆ. ಈಸ್ಟ್ರೋಜನ್ ಕೂಡ ಅದಕ್ಕೆ ಹುರುಪು ಕೊಡುತ್ತದೆ. ಹೀಗಾಗಿ ವೈರಸ್ಸಿಗೆ ಹೆಣ್ಣಿನ ಮೈ ಸಾಮಾನ್ಯವಾಗಿ ಬೇಗ, ಬಿರುಸಾಗಿ ಎದುರು ನಿಲ್ಲುತ್ತದೆ.

"ಹಂಗಾದ್ರ ನಾವ ಗಟ್ಟಿ ಅಂದಂಗಾತು!" ಎಂದೆ.

"ಗಟ್ಟಿ ಖರೆ ಅವ್ವಾ. ಆದ್ರ ಆ ದಂಡು ಒಮ್ಮೊಮ್ಮೆ ಜಗಳ ಮುಗದ್ರೂ ಮನಿಗೆ ಹೋಗೂದಿಲ್ಲ."

ಮೈಯೇ ಮೈಯನ್ನು ಕಾಡುವ ಲೂಪಸ್ ರೋಗದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರಂತೆ. ಚಿಕುನ್‌ಗುನ್ಯಾದ ಕೀಲುನೋವು ತಿಂಗಳುಗಟ್ಟಲೆ ಉಳಿಯುವುದೂ ನಮ್ಮಲ್ಲೇ ಹೆಚ್ಚು. ಈ ಬಿರುಸೇ ಅದಕ್ಕೊಂದು ಕಾರಣವಿರಬಹುದಂತೆ.

ಹದಿನಾಲ್ಕು ವರ್ಷದ ಮೇಲೆ ನನ್ನ ಮಾತಿಗೊಂದು ಸಾಕ್ಷಿ ಸಿಕ್ಕಿತು. ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಅತ್ತೆ ಮೆಲ್ಲಗೆ ತಮ್ಮ ಕೈ ಚಾಚಿದರು.

"ನನ್ನ ಬೆರಳೂ ಆವಾಗ ವರ್ಷಗಟ್ಟಲೆ ಮಡಚಲಿಲ್ಲ ಬೇ. ಹೇಳಿದ್ರ ಯಾರ್ ಕೇಳತಿದ್ರು?"

ನಾನು ಆ ಕೈ ಹಿಡಿದುಕೊಂಡೆ. ಆ ರಾತ್ರಿ ಒಲೆ ಹೊತ್ತಿಸಿದವರು ನಮ್ಮ ಮನೆಯವರು. ಅನ್ನ ಮುದ್ದೆಯಾಗಿತ್ತು. ಅತ್ತೆ, ನಾನು ಇಬ್ಬರೂ ಎರಡನೆಯ ಸಲ ನೀಡಿಸಿಕೊಂಡೆವು.