ಪುಕ್ಕಟೆ ಸರ್ವರ್, ಅಕ್ಕನ ಲ್ಯಾಮಿನೇಶನ್ ಹಾಳೆ

ಶಿವಮೊಗ್ಗದಲ್ಲಿ ನಮ್ಮಪ್ಪನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್, ಶಾಲೆಯ ಮಾರ್ಕ್ಸ್ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ. ನಾಲ್ಕು ಕಂಪ್ಯೂಟರ್, ಒಂದು ಆಫ್‌ಸೆಟ್ ಮಷಿನ್, ಆರು ಜನ. ಡಿಟಿಪಿ ಕೆಲಸವನ್ನು ಹದಿನೆಂಟು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ನನಗೆ ಅವರು ಅಕ್ಕ, ನಮ್ಮಪ್ಪನಿಗೂ ಅಕ್ಕ, ಬರುವ ಗಿರಾಕಿಗಳಿಗೂ ಅಕ್ಕ.

ಪ್ರೆಸ್ಸಿನ ಮೂಲೆಯಲ್ಲಿ, ಪೇಪರ್ ರೀಮುಗಳ ಪಕ್ಕ, ಒಂದು ಸರ್ವರ್ ಇತ್ತು. ಮೇಲೊಂದು ಗಣಪತಿ ಸ್ಟಿಕ್ಕರ್, ಒಳಗೆ ವಿಂಡೋಸ್ ಸರ್ವರ್ 2008 ಆರ್2. ಲೈಸೆನ್ಸ್ ಇದೆಯಾ ಅಂತ ಕೇಳಿದರೆ ಅಪ್ಪ, "ಆ ಹುಡುಗ ಹಾಕಿ ಕೊಟ್ಟಿದ್ದು ಕಣೋ, ನಡೀತಾ ಇದೆಯಲ್ಲ" ಅನ್ನುತ್ತಿದ್ದರು. ಹುಡುಗ ಅಂದರೆ ಕಂಪ್ಯೂಟರ್ ಅಂಗಡಿಯವನು. ಆ ಆವೃತ್ತಿಗೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಅಂದರೆ ಹೊಸ ತೂತು ಕಂಡರೂ ಮುಚ್ಚುವವರಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಅದು ಹರಡಿದ್ದೂ ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯ ಒಂದು ತೂತಿನಿಂದ. ಅದಕ್ಕೆ ತೇಪೆ ಎರಡು ತಿಂಗಳು ಮುಂಚೆಯೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ತಲೆ ಅಲ್ಲಾಡಿಸಿ ಸುಮ್ಮನಾದರು. ಒಂದು ದಿನ ನಮ್ಮ ಪಕ್ಕದ ಬೀದಿಯ ಫೋಟೊ ಸ್ಟುಡಿಯೊದವರ ಫೈಲುಗಳಿಗೆಲ್ಲ ಹೀಗೇ ಬೀಗ ಬಿತ್ತು. ಮೂರು ಮದುವೆಯ ಫೋಟೊ ಹೋಯಿತು. ಅವತ್ತು ರಾತ್ರಿ ಅಪ್ಪನೇ ಫೋನ್ ಮಾಡಿದರು. "ಏನೋ ಮಾಡ್ಬೇಕು ಅಂತಿದ್ದೆಯಲ್ಲ, ಮಾಡಿಬಿಡು."

ಡೀಲರ್ ಹತ್ತಿರ ಕೊಟೇಶನ್ ತರಿಸಿದೆವು. ಹೊಸ ಮಷಿನ್, ಸರ್ವರ್ ಲೈಸೆನ್ಸ್, ಅದರ ಮೇಲೆ ಬಳಸುವ ಒಬ್ಬೊಬ್ಬರಿಗೂ ಬೇರೆ ಲೈಸೆನ್ಸ್ ಸೇರಿ ಲಕ್ಷ ದಾಟಿತು. ನಾನು ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಲಿನಕ್ಸ್ ಸರ್ವರುಗಳ ಮೇಲೇ ಕೆಲಸ ಮಾಡುವವನು. ನನ್ನ ಅಪ್ಪನ ಅಂಗಡಿಗೆ ಲಕ್ಷ ಯಾಕೆ? 2023ರ ದೀಪಾವಳಿ ರಜೆಗೆ ಊರಿಗೆ ಹೋದವನು ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಎರಡು ಹೊಸ ಹಾರ್ಡ್‌ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವಂತೆ ಜೋಡಿ ಮಾಡಿ, ಡೆಬಿಯನ್ 12 ಇನ್‌ಸ್ಟಾಲ್ ಮಾಡಿದೆ. ಮೇಲೆ ಸಾಂಬಾ.

ಸಾಂಬಾ ಬಗ್ಗೆ ಎರಡು ಮಾತು ಹೇಳಲೇಬೇಕು, ಇಷ್ಟದ ಕಥೆ. ವಿಂಡೋಸ್ ಮಷಿನ್ನುಗಳು ಫೈಲ್ ಹಂಚಿಕೊಳ್ಳುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗ, 1991–92ರ ಹೊತ್ತಿಗೆ, ಎರಡು ಕಂಪ್ಯೂಟರ್ ನಡುವೆ ತಂತಿಯಲ್ಲಿ ಏನು ಮಾತುಕತೆ ನಡೆಯುತ್ತದೆ ಅಂತ ಕದ್ದು ಕೇಳುತ್ತಲೇ ಈ ಬಗೆಯ ಭಾಷೆ ಕಲಿತು ತಾನೇ ಒಂದು ಸರ್ವರ್ ಬರೆದ. ಮೊದಲು ಇಟ್ಟ ಹೆಸರಿಗೆ ಟ್ರೇಡ್‌ಮಾರ್ಕ್ ತಕರಾರು ಬಂದಾಗ, ಎಸ್, ಎಂ, ಬಿ ಅಕ್ಷರಗಳು ಸಾಲಾಗಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ್ದು ಸಾಂಬಾ. ವಿಂಡೋಸ್ ಕಂಪ್ಯೂಟರಿಗೆ ಆಚೆ ಕಡೆ ಕೂತಿರುವುದು ಲಿನಕ್ಸ್ ಅಂತ ಗೊತ್ತಾಗುವುದೂ ಇಲ್ಲ.

ಇದೇ ನಮಗೆ ಬೇಕಿತ್ತು. ಯಾಕೆಂದರೆ ಅಕ್ಕನ ಮಷಿನ್ ಮುಟ್ಟುವ ಹಾಗಿರಲಿಲ್ಲ. ಅವರ ಪೂರ್ತಿ ಕೆಲಸ ಕೋರೆಲ್‌ಡ್ರಾ ಮತ್ತು ನುಡಿಯಲ್ಲಿ. ಲಿನಕ್ಸ್‌ನಲ್ಲಿ ಕೋರೆಲ್‌ಡ್ರಾ ಓಡುವುದಿಲ್ಲ. ಹಳೇ ನುಡಿ ಫಾಂಟಿನ ಫೈಲುಗಳು ಯುನಿಕೋಡ್ ಅಲ್ಲ, ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. "ಎಲ್ಲ ಓಪನ್ ಸೋರ್ಸ್ ಮಾಡಿಬಿಡೋಣ" ಅಂತ ನಾನು ಹಾರಾಡಿದ್ದೂ ಉಂಟು. ಅಕ್ಕ ಕನ್ನಡಕದ ಮೇಲಿನಿಂದ ನೋಡಿ, "ಮಾಡು ಪುಟ್ಟಾ, ಮದುವೆ ಸೀಸನ್ ಮುಗಿದ್ಮೇಲೆ ಮಾಡು" ಅಂದರು. ನಮ್ಮಲ್ಲಿ ಮದುವೆ ಸೀಸನ್ ಮುಗಿಯುವುದೇ ಇಲ್ಲ.

ಸರಿ, ಸರ್ವರ್ ಮಾತ್ರ ಬದಲಾಯಿತು. ಅಕ್ಕನ ಸ್ಕ್ರೀನಿನಲ್ಲಿ ಅದೇ ಹಳೇ ಝೆಡ್ ಡ್ರೈವ್. ಅವರಿಗೆ ಖುಷಿ ಕೊಟ್ಟಿದ್ದು ಒಂದೇ: ನೆಟ್‌ವರ್ಕ್ ಡ್ರೈವಿನಿಂದ ಡಿಲೀಟ್ ಮಾಡಿದ ಫೈಲ್ ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹೋದರೆ ಹೋಯಿತು. ಸಾಂಬಾದಲ್ಲಿ ಅದಕ್ಕೊಂದು ಬಿನ್ ಇಡಬಹುದು. ಇಟ್ಟೆ. ಶನಿವಾರ ಬ್ಯಾಕಪ್‌ಗೆ ಒಂದು ಯುಎಸ್‌ಬಿ ಡಿಸ್ಕ್ ಕೊಟ್ಟು, "ಕಾಪಿ ಆದ್ಮೇಲೆ ಮನೆಗೆ ತಗೊಂಡ್ಹೋಗಿ ಅಕ್ಕ, ಅಂಗಡಿಗೆ ಏನಾದ್ರೂ ಆದ್ರೂ ಫೈಲ್ ಉಳೀಬೇಕು" ಅಂದೆ. ಎಂಟು ತಿಂಗಳು ಯಾವ ತೊಂದರೆಯೂ ಇಲ್ಲ. ಆಫೀಸಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

2024ರ ಜುಲೈ. ಮಲೆನಾಡಿನ ಮಳೆ ಗೊತ್ತಲ್ಲ. ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿತ್ತು. ಕರೆಂಟ್ ಬಂದಮೇಲೆ ಸರ್ವರ್ ಏಳಲಿಲ್ಲ.

ನಾನು ಬೆಂಗಳೂರಿನಲ್ಲಿ ಕ್ಲೈಂಟ್ ಡೆಮೊದಲ್ಲಿದ್ದೆ. ಹೊರಗೆ ಬಂದಾಗ ಅಪ್ಪನ ಏಳು ಮಿಸ್ಡ್ ಕಾಲ್. ವೈಕುಂಠ ಸಮಾರಾಧನೆಯ ಕಾರ್ಡು, ಮುನ್ನೂರು ಪ್ರತಿ, ಸಂಜೆಯೊಳಗೆ ಬೇಕು. ಪ್ರೂಫ್ ಹಿಂದಿನ ದಿನವೇ ಓಕೆ ಆಗಿತ್ತು. ತೀರಿಕೊಂಡವರ ಫೋಟೊ, ಎರಡು ಸಲ ತಿದ್ದಿಸಿದ ಮೊಮ್ಮಕ್ಕಳ ಹೆಸರು, ಎಲ್ಲ ಸರ್ವರಿನೊಳಗೆ. ಮಗ ಪ್ರೆಸ್ಸಿನ ಬೆಂಚಿನ ಮೇಲೆ ಕೂತಿದ್ದಾನೆ. ಮದುವೆ ಕಾರ್ಡಾದರೆ ನಾಳೆ ಬನ್ನಿ ಅನ್ನಬಹುದು, ಇದಕ್ಕೆ ಹೇಗೆ ಅನ್ನುವುದು?

ವಿಡಿಯೊ ಕಾಲ್‌ನಲ್ಲಿ ಕಪ್ಪು ಪರದೆ, ಎಮರ್ಜೆನ್ಸಿ ಮೋಡ್ ಅನ್ನುವ ಬಿಳಿ ಅಕ್ಷರ. ಎರಡು ನಿಮಿಷದಲ್ಲಿ ಅರ್ಥವಾಯಿತು, ಆಮೇಲೆ ನಾಚಿಕೆಯಾಯಿತು. ಆನ್ ಆಗುವಾಗ ಯಾವ ಯಾವ ಡಿಸ್ಕ್ ಜೋಡಿಸಬೇಕು ಅಂತ ಲಿನಕ್ಸ್ ಎಫ್‌ಎಸ್‌ಟ್ಯಾಬ್ ಅನ್ನುವ ಫೈಲ್ ಓದುತ್ತದೆ. ಅದರಲ್ಲಿ ಬ್ಯಾಕಪ್ ಡಿಸ್ಕನ್ನೂ ಬರೆದಿದ್ದೆ. 'ನೋಫೇಲ್' ಅಂತ ಒಂದು ಪದ ಸೇರಿಸಿದ್ದರೆ, ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗುತ್ತಿತ್ತು. ಸೇರಿಸಿರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಸಿಕ್ಕಿಸಿಯೇ ಇತ್ತಾದ್ದರಿಂದ ನನಗೆ ಗೊತ್ತಾಗಲಿಲ್ಲ. ಈಗ ಡಿಸ್ಕ್ ಎಲ್ಲಿ? ನಾನೇ ಹೇಳಿದ ಪ್ರಕಾರ ಅಕ್ಕನ ಮನೆಯ ಗಾಡ್ರೇಜ್ ಬೀರುವಿನಲ್ಲಿ, ಭದ್ರಾವತಿಯಲ್ಲಿ.

ನೆಟ್‌ವರ್ಕ್ ಬಂದಿರಲಿಲ್ಲ, ಇಲ್ಲಿಂದ ಲಾಗಿನ್ ಆಗುವಂತಿರಲಿಲ್ಲ. ಒಂದೊಂದೇ ಅಕ್ಷರ ಹೇಳಿದೆ, ಅಕ್ಕ ಒತ್ತಿದರು. ಕನ್ನಡವನ್ನು ನೋಡದೇ ಟೈಪ್ ಮಾಡುವ ಕೈ, ಸ್ಲ್ಯಾಶ್ ಹುಡುಕಲು ತಡಕಾಡಿತು. "ಎಫ್, ಎಸ್, ಟ್ಯಾಬ್" ಅಂದೆ. ಅವರು ಎಫ್, ಎಸ್ ಒತ್ತಿ ಟ್ಯಾಬ್ ಕೀ ಒತ್ತಿದರು. ತಪ್ಪು ಅವರದಲ್ಲ. ಕೊನೆಯ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿಸಿ, ಸೇವ್ ಮಾಡಿಸಿ, ರೀಬೂಟ್ ಮಾಡಿಸುವಷ್ಟರಲ್ಲಿ ನಲವತ್ತು ನಿಮಿಷ. ಕಾರ್ಡು ರಾತ್ರಿ ಒಂಬತ್ತಕ್ಕೆ ಹೋಯಿತು.

ಆ ರಾತ್ರಿ ಅಪ್ಪ ಬೈಯಲಿಲ್ಲ. "ಹಳೇ ಹುಡುಗ ದುಡ್ಡು ತಗೋತಿದ್ದ ಕಣೋ, ಆದ್ರೆ ಫೋನ್ ಮಾಡಿದ್ರೆ ಅರ್ಧ ಗಂಟೇಲಿ ಬೈಕಲ್ಲಿ ಬರ್ತಿದ್ದ" ಅಂದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಲಕ್ಷ ಉಳಿಸಿದೆ ಅಂದುಕೊಂಡಿದ್ದೆ. ನಿಜವಾಗಿ ಮಾಡಿದ್ದೇನೆಂದರೆ ಅರ್ಧ ಗಂಟೆ ದೂರದಲ್ಲಿದ್ದ ರಿಪೇರಿಯವನನ್ನು ಬಿಡಿಸಿ, ಮುನ್ನೂರು ಕಿಲೋಮೀಟರ್ ದೂರದಲ್ಲಿ, ಡೆಮೊ ಇದ್ದಾಗ ಫೋನ್ ಎತ್ತದ ಒಬ್ಬನನ್ನು ಕೂರಿಸಿದ್ದೆ. ಸಾಫ್ಟ್‌ವೇರಿನ ಸೋರ್ಸ್ ಜಗತ್ತಿಗೆಲ್ಲ ಓಪನ್. ಆದರೆ ನಮ್ಮ ಪ್ರೆಸ್ಸಿನ ಸರ್ವರ್ ಹೇಗೆ ಕಟ್ಟಿದೆ ಅನ್ನುವುದು ನನ್ನ ತಲೆಯೊಳಗೆ ಮಾತ್ರ ಇತ್ತು. ಅದಕ್ಕೇನು ಹೆಸರು?

ಮುಂದಿನ ಶನಿವಾರವೇ ಊರಿಗೆ ಹೋದೆ. ನೋಫೇಲ್ ಸೇರಿಸಿದೆ, ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಆಮೇಲೆ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ನಾನು ಹೇಳುತ್ತಾ ಹೋದೆ, ಅವರು ತಮ್ಮ ಮಾತಿನಲ್ಲಿ ಟೈಪ್ ಮಾಡುತ್ತಾ ಹೋದರು. 'ಸರ್ವರ್ ಎದ್ದಿದೆಯೋ ಇಲ್ಲವೋ ನೋಡುವುದು', 'ಡಿಸ್ಕ್ ಜೋಡಿ ಸರಿಯಿದೆಯೋ ನೋಡುವುದು', 'ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತರುವುದು'. ಕಮಾಂಡಿನ ಸಾಲು ಬಂದಾಗಲೆಲ್ಲ ನುಡಿ ಫಾಂಟ್ ಬಿಟ್ಟು ಬೇರೆ ಫಾಂಟ್‌ಗೆ ಹೋಗಬೇಕು, ಇಲ್ಲದಿದ್ದರೆ ಕಮಾಂಡ್ ಯಾವುದೋ ಕನ್ನಡವಾಗುತ್ತದೆ. ವರ್ಡ್ ಬೇರೆ ಸಾಲಿನ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡಿಬಿಡುತ್ತಿತ್ತು, ಲಿನಕ್ಸ್‌ಗೆ ಚಿಕ್ಕಕ್ಷರ, ದೊಡ್ಡಕ್ಷರ ಬೇರೆ ಬೇರೆ. ಎರಡು ಸಲ ಪ್ರೂಫ್ ನೋಡಿದರು. ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಶನ್ ಮಾಡಿ, ಸರ್ವರ್ ಮೇಲಿನ ಗೋಡೆಗೆ ಅಂಟಿಸಿದರು. ತಿಂಗಳಿಗೊಂದು ಸಲ ಹಳೇ ಕಾರ್ಡ್ ಒಂದನ್ನು ಬ್ಯಾಕಪ್‌ನಿಂದ ತೆಗೆದು, ತೆರೆದು ನೋಡಿ, ಹಾಳೆಯ ಕೆಳಗೆ ತಾರೀಖು ಬರೆಯಬೇಕು ಅನ್ನುವ ನಿಯಮವನ್ನೂ ಅವರೇ ಮಾಡಿದರು. ನಮ್ಮ ಕಂಪನಿಯಲ್ಲೂ ಇಷ್ಟು ಶಿಸ್ತಿಲ್ಲ.

ಕಳೆದ ತಿಂಗಳು ರಾತ್ರಿ ಎಂಟೂವರೆಗೆ ಅಕ್ಕನ ಫೋನ್. ಎದೆ ಧಸಕ್ಕೆಂದಿತು.

"ಪುಟ್ಟಾ, ಊಟ ಆಯ್ತಾ? ಹಾಳೇಲಿ ಎರಡು ಯು ಇರ್ಬೇಕು ಅಂತ ಬರೆದಿದೀವಲ್ಲ, ನಿನ್ನೆ ಒಂದು ಯು, ಒಂದು ಗೆರೆ ಬಂತು. ಒಂದು ಡಿಸ್ಕ್ ಹೋಗಿದೆ. ಕೆಲಸ ಏನೂ ನಿಂತಿಲ್ಲ. ಹೊಸ ಡಿಸ್ಕ್ ತಂದಾಯ್ತು, ಬಿಲ್ ಅಪ್ಪನ ಹತ್ರ ಇದೆ. ಬ್ಯಾಕಪ್ಪೂ ಇವತ್ತೇ ತೆಗೆದೆ. ಆದ್ರೆ ಎರಡರಲ್ಲಿ ಕೆಟ್ಟಿದ್ದು ಯಾವುದು, ಯಾವ ವೈರ್ ಕೀಳ್ಬೇಕು ಅಂತ ಹಾಳೇಲಿ ಬರೆದಿಲ್ಲ. ಅದೊಂದು ಬಿಟ್ಟುಹೋಗಿದೆ."

ಡಿಸ್ಕಿನ ಸೀರಿಯಲ್ ನಂಬರ್ ನೋಡುವ ಕಮಾಂಡ್ ಹೇಳತೊಡಗಿದೆ.

"ತಡಿ, ತಡಿ" ಅಂದರು. "ಪೆನ್ನು ತಗೋತೀನಿ."